ಅಪ್ರಿಯವಾದಿಗೆ ಸಭೆಯು ವಿಧಿಸುವ ದಂಡ

ನಮ್ಮ ಸಂಸ್ಕೃತ ಪಾಠಶಾಲೆಗಳಲ್ಲಿ ಶಬ್ದಧಾತುಗಳ ಪಾಠದೊಡನೆಯೇ ವಿದ್ಯಾರ್ಥಿಯ ಕಿವಿಗೆ ಬೀಳುವ ನೀತಿಗಳಲ್ಲಿ ಮನುಸ್ಮೃತಿಯ 4ನೆಯ ಅಧ್ಯಾಯದ ಒಂದು ವಿಧಿಯು ಮುಖ್ಯವಾದುದು. ಸತ್ಯವನ್ನು ನುಡಿಯತಕ್ಕದ್ದು, ಆದರೆ ಕೇಳುವವನಿಗೆ ಅಪ್ರಿಯವಾದ ಸತ್ಯವನ್ನು ನುಡಿಯತಕ್ಕದ್ದಲ್ಲವೆಂಬುದು ಅದರ ಪ್ರಸಿದ್ಧವಾದ ಅರ್ಥ. ಪ್ರಿಯವಾದರೂ ಸುಳ್ಳನ್ನು ನುಡಿಯಬಾರದೆಂಬ ಉತ್ತರಭಾಗವು ಅಷ್ಟು ಪ್ರಸಿದ್ಧವಲ್ಲ. ಅದೇ ಸ್ಮೃತಿಯ 8ನೆಯ ಅಧ್ಯಾಯದಲ್ಲಿ ಇನ್ನೊಂದು ವಿಧಿಯುಂಟು. ಸಭೆಯನ್ನು ಪ್ರವೇಶಿಸದೆ ಇರಬಹುದು. ಪ್ರವೇಶಿಸಿದ ಮೇಲೆ ಯುಕ್ತವಾದುದನ್ನು ಹೇಳಲೇಬೇಕು. ಅಲ್ಲಿ ಮೌನದಿಂದಿದ್ದವನೂ ವಿಪರೀತವಾಗಿ ನುಡಿದವನೂ ಪಾಪಭಾಗಿಗಳೇ ಎಂಬುದು ಅದರ ತಾತ್ಪರ್ಯ. ಈ ಎರಡನೆಯ ವಿಧಿಯನ್ನು ನಮ್ಮಲ್ಲಿ ಉದಾಹರಿಸುವವರು ವಿರಳ.

ಈ ಎರಡು ವಿಧಿಗಳಿಗೆ ಪರಸ್ಪರ ವಿರೋಧವುಂಟೆಂದು ಶಂಕಿಸಬೇಕಾದುದಿಲ್ಲ. ವಿಷಯಭೇದದಿಂದ ವ್ಯವಸ್ಥೆಯನ್ನು ಹೇಳಬಹುದಾಗಿದೆ. ಮೊದಲನೆಯದು ಗೃಹಸ್ಥನಾದ ಸ್ನಾತಕನ ನಿತ್ಯವ್ರತಗಳ ಪ್ರಕರಣದಲ್ಲಿ ಬಂದುದು. ಎರಡನೆಯದು ನ್ಯಾಯನಿರ್ಣಯಕ್ಕಾಗಿ ಕೂಡಿದ ಸಭೆಯ ಪ್ರಕರಣದಲ್ಲಿ ಬಂದುದು. ಮನೆಯ ಜಗಲಿಯ ಮೇಲೆ ಅತಿಥಿಯ ಮನಸ್ಸನ್ನು ನೋಯಿಸದಿರುವುದು ಸೌಜನ್ಯವು. ಸಭೆಯಲ್ಲಿ ಅನ್ಯಾಯವನ್ನು ಕಂಡೂ ಬಾಯಿ ಮುಚ್ಚಿಕೊಂಡಿರುವುದು ಸೌಜನ್ಯವಲ್ಲ. ಆದರೂ ನಾವು ಜಗಲಿಯ ವಿಧಿಯನ್ನು ಸಭೆಗೆ ಹೊತ್ತುಕೊಂಡು ಹೋಗಿ ನಮ್ಮ ಭೀರುತ್ವಕ್ಕೆ ಸ್ಮೃತಿಯ ಹೊದಿಕೆಯನ್ನು ಹೊದಿಸುತ್ತ ಬಂದಿರುವೆವು. ಹೀಗಾಗುವುದಕ್ಕೆ ಕಾರಣವೇನೆಂಬುದನ್ನು ಸ್ಮೃತಿಕಾರರು ಹೇಳುವುದಿಲ್ಲ, ಕವಿಗಳು ಹೇಳಿರುವರು. ಅಪ್ರಿಯವಾದ ಸತ್ಯವನ್ನು ನುಡಿದವನು ಏನನ್ನು ತೆರಬೇಕಾಗುವುದು, ಅದನ್ನು ಅವನಿಂದ ತೆರಿಸುವವರು ಯಾರು, ಯಾವ ಉಪಾಯದಿಂದ ತೆರಿಸುವರು ಎಂಬುದನ್ನು ನಮ್ಮ ಮಹಾಕಾವ್ಯಗಳ ಕೆಲವು ಸನ್ನಿವೇಶಗಳಿಂದ ವಿಮರ್ಶಿಸುವುದು ಈ ಲೇಖನದ ಉದ್ದೇಶವು.

ಪ್ರಿಯವನ್ನಾಡುವವರು ಎಲ್ಲೆಲ್ಲಿಯೂ ಸಿಕ್ಕುವರು, ಕಹಿಯಾದರೂ ಪಥ್ಯವಾದ ಮಾತಿಗೆ ಮಾತ್ರ ವಕ್ತೃವೂ ಶ್ರೋತೃವೂ ದುರ್ಲಭರೆಂಬ ಅಭಿಪ್ರಾಯದ ಒಂದು ಸುಭಾಷಿತವನ್ನು ವಾಚಕರೆಲ್ಲರೂ ಬಲ್ಲರು. ಅದು ಒಬ್ಬನ ಬಾಯಿಂದ ಮಾತ್ರ ಬಂದುದಲ್ಲ. ರಾಮಾಯಣದ ಅರಣ್ಯಕಾಂಡದಲ್ಲಿ ಮಾರೀಚನು ರಾವಣನಿಗೆ ಅದನ್ನು ಹೇಳುವನು. ಯುದ್ಧಕಾಂಡದಲ್ಲಿ ವಿಭೀಷಣನು ಅದೇ ರಾವಣನಿಗೆ ಹೇಳುವನು. ಭಾರತದಲ್ಲಿ ವಿದುರನು ಉದ್ಯೋಗಪರ್ವದಲ್ಲಿ ಧೃತರಾಷ್ಟ್ರನಿಗೆ ಹೇಳುವನು, ಅದಕ್ಕೂ ಮೊದಲು ದ್ಯೂತಸಭೆಯಲ್ಲಿಯೂ ಸ್ವಲ್ಪ ಪಾಠಾಂತರದಿಂದ ಹೇಳುವನು. ಈ ಮೂವರಲ್ಲಿ ಒಬ್ಬನು ಪ್ರಾಣವನ್ನು ಕಳೆದುಕೊಂಡನು, ಒಬ್ಬನು ದೇಶವನ್ನು ಕಳೆದುಕೊಂಡನು, ಒಬ್ಬನು ಮಾನವನ್ನು ಕಳೆದುಕೊಂಡನು. ಆದಕಾರಣ ಇದನ್ನು ಕೇವಲ ನೀತಿವಾಕ್ಯವೆಂದು ತಿಳಿಯದೆ, ಪೆಟ್ಟು ತಿನ್ನಲಿರುವವನು ಪೆಟ್ಟಿಗೆ ಮುಂಚೆ ಆಡುವ ಮಾತೆಂದು ತಿಳಿಯುವುದು ಯುಕ್ತವು.

ಮಾರೀಚನ ಮಾತಿಗೆ ರಾವಣನು ಕೊಟ್ಟ ಉತ್ತರವನ್ನು ಪರಾಂಬರಿಸೋಣ. ರಾಮನ ಬಾಣದ ಬಲವನ್ನು ಸ್ವಾನುಭವದಿಂದ ಬಲ್ಲ ಮಾರೀಚನು ಕಾರಣಸಮೇತವಾಗಿ ನಿಷೇಧಿಸಿದನು. ರಾವಣನು ಆ ಕಾರಣಗಳಲ್ಲಿ ಒಂದನ್ನೂ ಖಂಡಿಸಲಿಲ್ಲ. ಗುಣದೋಷಗಳನ್ನು ತಾನು ಕೇಳಲಿಲ್ಲವೆಂದೂ, ಮಂತ್ರಿಯಾದವನು ಅರಸನು ಕೇಳಿದಾಗ ಮಾತ್ರ ಕೈಮುಗಿದು ಅನುಕೂಲವಾಗಿ ನುಡಿಯಬೇಕೆಂದೂ, ಮಾತು ಮೀರಿದರೆ ಇಲ್ಲಿಯೇ ಕೊಲ್ಲುವೆನೆಂದೂ ಹೇಳಿದನು. ಮಾತಿನ ವಿಷಯವು ರಾಮನ ಬಲವಾಗಿದ್ದಿತು. ಉತ್ತರದ ವಿಷಯವು ಮಾರೀಚನ ಅಧಿಕಾರವಾಯಿತು. ವಿಭೀಷಣನ ಸಂಗತಿಯೂ ಹೀಗೆಯೇ. ಸೀತೆಯನ್ನು ಹಿಂದಕ್ಕೆ ಕಳುಹಿಸಬೇಕೆಂಬ ಅವನ ಮಂತ್ರಕ್ಕೆ ರಾವಣನು ಜ್ಞಾತಿಗಳ ಸ್ವಭಾವವನ್ನು ಕುರಿತ ಒಂದು ಉಪನ್ಯಾಸವನ್ನೇ ಉತ್ತರವಾಗಿ ಕೊಟ್ಟನು. ದಾಯಾದಿಯು ದಾಯಾದಿಯ ಕೇಡಿಗೆ ಸಂತೋಷಪಡುವನು, ನೀನು ಕುಲಕ್ಕೆ ಕಳಂಕನು ಎಂದನು. ವಿಭೀಷಣನು 4 ಮಂದಿ ರಾಕ್ಷಸರೊಡನೆ ಸಭೆಯಿಂದ ಮೇಲೆದ್ದು ಹೋದನು. ಸೀತೆಯ ವಿಷಯವು ಇತ್ಯರ್ಥವಾಗದೆ ಅಲ್ಲಿಯೇ ನಿಂತಿತು.

ಇನ್ನು ವಿದುರನ ಪ್ರಕರಣವು. ದ್ಯೂತವನ್ನು ನಿಲ್ಲಿಸಬೇಕೆಂದು ಅವನು ಸಭಾಪರ್ವದಲ್ಲಿ ಬೇಡಿಕೊಂಡಾಗ ದುರ್ಯೋಧನನು ಅವನನ್ನು ಮಡಿಲಲ್ಲಿಟ್ಟುಕೊಂಡ ಹಾವಿಗೂ, ಸಾಕಿದವರಿಗೇ ಕೇಡು ಬಗೆಯುವ ಬೆಕ್ಕಿಗೂ ಹೋಲಿಸಿ, ಇಷ್ಟವಿದ್ದಲ್ಲಿಗೆ ಹೋಗೆಂದನು. ಎಷ್ಟು ಸಂತೈಸಿದರೂ ಅಸತಿಯಾದವಳು ಬಿಟ್ಟುಹೋಗುವಳೆಂಬ ಹೋಲಿಕೆಯನ್ನೂ ಸೇರಿಸಿದನು. ಇಲ್ಲಿ ಒಂದು ಸೂಕ್ಷ್ಮವನ್ನು ವಿದ್ವಾಂಸರು ಗಮನಿಸಬೇಕೆಂದು ಕೋರುತ್ತೇನೆ. ಪಾಂಡವರು ಕಾಡಿಗೆ ಹೋದಮೇಲೆ ಧೃತರಾಷ್ಟ್ರನು ತಾನಾಗಿಯೇ ವಿದುರನನ್ನು ಕರೆದು ಹಿತವನ್ನು ಕೇಳುವನು. ವಿದುರನು ಹಿಂದಿನ ಮಾತನ್ನೇ ಹೇಳುವನು. ಆಗ ಧೃತರಾಷ್ಟ್ರನು ಆಡುವ ನಿಂದೆಯಲ್ಲಿಯೂ ಅಸತಿಯ ಹೋಲಿಕೆಯೇ ಇರುವುದು. ಮಗನ ಬಾಯಿಯ ಮಾತು ವನಪರ್ವದಲ್ಲಿ ತಂದೆಯ ಬಾಯಿಗೆ ಬಂದಿತು. ಇದನ್ನು ಪುನರುಕ್ತಿದೋಷವೆಂದು ಎಣಿಸಲಾಗದು. ಮಗನು ಬಿರುಸಾಗಿ ಆಡಿದುದನ್ನು ತಂದೆಯು ಮೌನದಿಂದ ಕೇಳಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದನೆಂಬುದು ಇದರಿಂದ ವ್ಯಂಜಿತವಾಗುವುದು. ಸಭೆಯಲ್ಲಿ ಖಂಡಿಸದೆ ಬಿಟ್ಟ ನಿಂದೆಯು ಕಾಲಾಂತರದಲ್ಲಿ ಸಭಾಪತಿಯ ಸ್ವಂತ ಅಭಿಪ್ರಾಯವಾಗಿ ಪರಿಣಮಿಸುವುದು.

ಇವರು ಮೂವರೂ ಪ್ರೌಢರು, ಲೋಕಾನುಭವವುಳ್ಳವರು. ತರುಣನಾದ ವಿಕರ್ಣನ ಪ್ರಸಂಗವು ಇವೆಲ್ಲಕ್ಕಿಂತಲೂ ಹೆಚ್ಚು ಪರೀಕ್ಷಾರ್ಹವಾದುದು. ಪುಣೆಯ ಭಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದವರು 1966ರಲ್ಲಿ ಮುಗಿಸಿದ ಭಾರತದ ಪರಿಷ್ಕೃತ ಮುದ್ರಣದಲ್ಲಿಯೂ ಈ ಭಾಗವು ಮೂಲದಲ್ಲಿಯೇ ಉಳಿದಿದೆ. ದ್ರೌಪದಿಯು ಸಭೆಗೆ ತನ್ನ ಪ್ರಶ್ನೆಯನ್ನಿಟ್ಟಳು. ಧರ್ಮವು ಸೂಕ್ಷ್ಮವಾದುದೆಂದು ಭೀಷ್ಮನು ಹಿಂಜರಿದನು. ಉಳಿದವರು ಮಾತನಾಡಲಿಲ್ಲ. ಆಗ ಧೃತರಾಷ್ಟ್ರನ ಮಕ್ಕಳಲ್ಲೊಬ್ಬನಾದ ವಿಕರ್ಣನು ಹಿರಿಯರನ್ನು ಒಬ್ಬೊಬ್ಬರನ್ನಾಗಿ ಹೆಸರಿಸಿ ಉತ್ತರ ಕೊಡಿರೆಂದು ಕೇಳಿದನು. ಯಾರೂ ಕೊಡಲಿಲ್ಲ. ಅವನು ಕೈಗೆ ಕೈಯನ್ನು ತಿಕ್ಕಿ ನಿಟ್ಟುಸಿರುಬಿಟ್ಟು, ನೀವು ಹೇಳದಿದ್ದರೂ ನ್ಯಾಯವೆಂದು ತೋರಿದುದನ್ನು ನಾನು ಹೇಳುವೆನೆಂದು ಆರಂಭಿಸಿದನು. ಬೇಟೆ, ಮದ್ಯ, ದ್ಯೂತ, ಸ್ತ್ರೀಸಕ್ತಿ ಎಂಬ 4 ವ್ಯಸನಗಳಲ್ಲಿ ಸಿಕ್ಕಿದವನು ಮಾಡಿದ ಕಾರ್ಯವು ಪ್ರಮಾಣವಲ್ಲ. ದ್ರೌಪದಿಯು ಐವರಿಗೂ ಸಾಧಾರಣಳು. ಧರ್ಮರಾಯನು ಮೊದಲೇ ತನ್ನನ್ನು ಸೋತಿದ್ದನು. ಈ ಪಣವನ್ನು ಸೂಚಿಸಿದವನು ಶಕುನಿಯು. ಆದುದರಿಂದ ಅವಳು ಗೆಲ್ಲಲ್ಪಟ್ಟವಳಲ್ಲ. ಇದು ಅವನ ವಾದ. ಪ್ರತಿಜ್ಞೆ, ಹೇತು, ನಿಗಮನಗಳೆಲ್ಲವೂ ಕ್ರಮವಾಗಿರುವ ಇಂಥ ಮಾತು ಆ ಸಭೆಯಲ್ಲಿ ವಿರಳವಾಗಿದ್ದಿತು.

ಇದರ ಮುಂದಿನ ಸಂಗತಿಯನ್ನು ಅನೇಕರು ಗಮನಿಸುವುದಿಲ್ಲ. ವಿಕರ್ಣನ ಮಾತು ಮುಗಿದೊಡನೆ ಸಭಾಸದರಿಂದ ದೊಡ್ಡ ಘೋಷವೆದ್ದಿತು. ಅವರು ವಿಕರ್ಣನನ್ನು ಹೊಗಳಿದರು, ಶಕುನಿಯನ್ನು ತೆಗಳಿದರು. ಅಂದಮೇಲೆ ಸಭೆಗೆ ಸತ್ಯವು ತಿಳಿಯದೆ ಇರಲಿಲ್ಲ. ತಿಳಿದಿದ್ದಿತು, ಒಪ್ಪಿಗೆಯಾಗಿಯೂ ಇದ್ದಿತು. ಘೋಷವು ಅಡಗಿದಮೇಲೆ ಕರ್ಣನು ತೋಳನ್ನೆತ್ತಿ ಮಾತನಾಡಿದನು. ಅರಣಿಯಿಂದ ಹುಟ್ಟಿದ ಬೆಂಕಿಯು ಅರಣಿಯನ್ನೇ ಸುಡುವಂತೆ ಇವನು ಹುಟ್ಟಿದ ಕುಲಕ್ಕೇ ಕೇಡಾದನು ಎಂಬುದು ಮೊದಲನೆಯ ಮಾತು. ಇವನು ಬಾಲಕನು, ಬಾಲ್ಯದಿಂದ ಹಿರಿಯರ ಮಾತನ್ನಾಡುತ್ತಿರುವನು ಎಂಬುದು ಎರಡನೆಯ ಮಾತು. ಧರ್ಮರಾಯನು ಸರ್ವಸ್ವವನ್ನೂ ಒಡ್ಡಿದಾಗ ದ್ರೌಪದಿಯೂ ಅದರಲ್ಲಿ ಸೇರಿದಳೆಂಬ ವಿಷಯಸಂಬಂಧಿಯಾದ ವಾದವನ್ನೂ ಕರ್ಣನು ಹೇಳದೆ ಇರಲಿಲ್ಲವೆಂಬುದನ್ನು ನ್ಯಾಯದೃಷ್ಟಿಯಿಂದ ಒಪ್ಪಬೇಕು. ಆದರೆ ಅದು ಬರುವುದು ಆಮೇಲೆ. ಮೊದಲು ವಿಕರ್ಣನ ಕುಲನಿಷ್ಠೆಯೂ ಅವನ ವಯಸ್ಸೂ ವಿಚಾರಣೆಗೆ ಬಂದು ತೀರ್ಪಾಗಿಹೋದುವು. ಈಗ ತಾನೇ ಅವನನ್ನು ಹೊಗಳಿದ ಬಾಯಿಗಳಲ್ಲಿ ಒಂದಾದರೂ ಎರಡನೆಯ ಸಲ ತೆರೆಯಲಿಲ್ಲ.

ಗುಂಪಾಗಿ ಘೋಷಿಸುವುದಕ್ಕೆ ಧೈರ್ಯ ಬೇಕಾಗಿಲ್ಲ, ಏಕೆಂದರೆ ಘೋಷಕ್ಕೆ ಹೆಸರಿಲ್ಲ. ವಿಕರ್ಣನ ಪಕ್ಕದಲ್ಲಿ ಎದ್ದುನಿಂತು ಎರಡನೆಯ ಹೆಸರಾಗುವುದಕ್ಕೆ ಮಾತ್ರ ಧೈರ್ಯ ಬೇಕು. ಸತ್ಯವಾದಿಯಿಂದ ದಂಡವನ್ನು ತೆರಿಸುವವನು ಅರಸನೆಂದು ನಾವು ಸಾಧಾರಣವಾಗಿ ಎಣಿಸುವೆವು. ಈ ಪ್ರಸಂಗದಿಂದ ತಿಳಿಯುವುದು ಬೇರೆ. ದಂಡವನ್ನು ಉಚ್ಚರಿಸಿದವನು ಕರ್ಣನು. ಅದನ್ನು ಊರ್ಜಿತಗೊಳಿಸಿದವರು ಆ ಎರಡನೆಯ ಸಲ ಸುಮ್ಮನಿದ್ದ ಸಭಾಸದರು.

ಇದೇ ಸಭೆಯಲ್ಲಿ ವಿದುರನು ಪ್ರಹ್ಲಾದನ ಕಥೆಯನ್ನು ಹೇಳುವುದು ಈ ಕಾರಣದಿಂದಲೇ ಎಂದು ನನಗೆ ತೋರುವುದು. ಪ್ರಹ್ಲಾದನ ಮಗನಾದ ವಿರೋಚನನಿಗೂ ಸುಧನ್ವನಿಗೂ ತಮ್ಮಲ್ಲಿ ಮೇಲಾದವನು ಯಾರೆಂದು ಪ್ರಾಣಪಣವಾದ ವಿವಾದ ಹುಟ್ಟಿ, ತೀರ್ಪು ಪ್ರಹ್ಲಾದನ ಮುಂದೆ ಬಂದಿತು. ಬಲ್ಲವನು ಉತ್ತರವನ್ನು ಹೇಳದಿದ್ದರೆ ವರುಣನ 1000 ಪಾಶಗಳಿಂದ ಬಂಧಿತನಾಗುವನು, ವರ್ಷಕ್ಕೊಂದರಂತೆ ಅವು ಸಡಿಲುವುವೆಂದು ಕಶ್ಯಪನು ಅವನಿಗೆ ತಿಳಿಸಿದನು. ಸಭೆಯಲ್ಲಿ ನಿಂದ್ಯವಾದುದನ್ನು ನಿಂದಿಸದಿದ್ದರೆ ಪಾಪದ ಅರ್ಧವು ಸಭಾಶ್ರೇಷ್ಠನಿಗೆ, ಕಾಲುಭಾಗವು ಮಾಡಿದವನಿಗೆ, ಉಳಿದ ಕಾಲುಭಾಗವು ಸುಮ್ಮನಿದ್ದ ಸಭಾಸದರಿಗೆ ಸೇರುವುದೆಂದೂ ಹೇಳಿದನು. ಮಾಡಿದವನಿಗೂ ಸುಮ್ಮನೆ ಕುಳಿತವರಿಗೂ ಪಾಲು ಸಮವೆಂಬ ಈ ಲೆಕ್ಕವು ವಿಚಾರಣೀಯವಾದುದು. ಪ್ರಹ್ಲಾದನು ಮಗನಿಗೆ ವಿರೋಧವಾಗಿಯೇ ತೀರ್ಪಿತ್ತನು. ಗೆದ್ದ ಸುಧನ್ವನು ಮೆಚ್ಚಿ ಮಗನ ಪ್ರಾಣವನ್ನು ಉಳಿಸಿಕೊಟ್ಟನು. ವಿದುರನು ಈ ಕಥೆಯನ್ನು ಮುಗಿಸಿದನು. ರಾಜರು ಏನೊಂದನ್ನೂ ಹೇಳಲಿಲ್ಲ. ದಾಸಿಯನ್ನು ಮನೆಗೆ ಎಳೆದುಕೊಂಡು ಹೋಗೆಂದು ಕರ್ಣನು ದುಶ್ಶಾಸನನಿಗೆ ಹೇಳಿದನು. ಮುನಿಯು ವ್ಯಾಖ್ಯಾನವನ್ನು ಸೇರಿಸದೆ ಈ ಮೂರನ್ನೂ ಒಂದರ ಪಕ್ಕದಲ್ಲೊಂದನ್ನಿಟ್ಟು ಬಿಟ್ಟಿರುವನು.

ಈಗ ಶಾಸ್ತ್ರದ ಕಡೆಗೆ ತಿರುಗೋಣ. ಗೌತಮನ ನ್ಯಾಯಸೂತ್ರಗಳಲ್ಲಿ ವಾದ, ಜಲ್ಪ, ವಿತಂಡೆಗಳೆಂಬ ಕಥಾಭೇದಗಳೂ, 22 ನಿಗ್ರಹಸ್ಥಾನಗಳೂ ಹೇಳಲ್ಪಟ್ಟಿವೆ. ನಿಗ್ರಹಸ್ಥಾನವೆಂದರೆ ವಾದಿಯು ಸೋತನೆಂದು ನಿಶ್ಚಯಿಸುವ ಎಡೆ. ಅವುಗಳಲ್ಲಿ ಅರ್ಥಾಂತರವೆಂಬುದೊಂದು, ಪ್ರಕೃತವಾದ ಅರ್ಥಕ್ಕೆ ಸಂಬಂಧವಿಲ್ಲದುದನ್ನು ಹೇಳುವುದು ಅದರ ಲಕ್ಷಣ. ದ್ರೌಪದಿಯು ಗೆಲ್ಲಲ್ಪಟ್ಟಳೋ ಇಲ್ಲವೋ ಎಂಬ ಪ್ರಶ್ನೆಗೆ ವಿಕರ್ಣನು ಬಾಲಕನೆಂಬುದು ಅರ್ಥಾಂತರವು. ದ್ಯೂತವು ಅನರ್ಥಕರವೋ ಅಲ್ಲವೋ ಎಂಬ ಪ್ರಶ್ನೆಗೆ ವಿದುರನು ಅನ್ನದ ಋಣವನ್ನು ಮರೆತವನೆಂಬುದು ಅರ್ಥಾಂತರವು. ಮಾರೀಚನ ಅಧಿಕಾರವೂ ವಿಭೀಷಣನ ದಾಯಾದ್ಯವೂ ಹಾಗೆಯೇ. ನ್ಯಾಯಶಾಸ್ತ್ರದ ಪ್ರಕಾರ ಹೀಗೆ ನುಡಿದವನು ಸೋತನು. ಲೋಕದ ಸಭೆಗಳಲ್ಲಿ ಹೀಗೆ ನುಡಿದವನೇ ಗೆಲ್ಲುವನು. ಮಾತಿಗೆ ಉತ್ತರವಿಲ್ಲದಾಗ ಮಾತನಾಡಿದವನನ್ನೇ ಪ್ರಶ್ನೆಯಾಗಿ ಮಾಡುವುದು, ಇದೇ ಅಪ್ರಿಯವಾದಿಗೆ ಸಭೆಯು ವಿಧಿಸುವ ದಂಡದ ಸ್ವರೂಪವೆಂದು ನನ್ನ ಅಭಿಪ್ರಾಯ. ವಧೆ, ದೇಶತ್ಯಾಗ, ಮಾನಹಾನಿಗಳು ಅದರ ಪರಿಣಾಮಗಳು ಮಾತ್ರ.

ಇದಕ್ಕೆ ಒಂದು ಪೂರ್ವಪಕ್ಷವುಂಟು. ಸತ್ಯವನ್ನು ಮೃದುವಾಗಿ ಹೇಳಿದ್ದರೆ ಈ ದಂಡವು ಬರುತ್ತಿರಲಿಲ್ಲ, ದೋಷವು ಹೇಳಿದ ರೀತಿಯಲ್ಲಿತ್ತು ಎಂದು ಕೆಲವರು ಹೇಳುವರು. ಇದಕ್ಕೆ ಸಮಾಧಾನವನ್ನು ನಮ್ಮ ಪಂಪನಲ್ಲಿ ಕಾಣಬಹುದು. ಕ್ರಿ. ಶ. 941ರ ಸುಮಾರಿನ ವಿಕ್ರಮಾರ್ಜುನವಿಜಯದಲ್ಲಿ ದುರ್ಯೋಧನನು ಭೀಷ್ಮನಿಗೆ ಸೇನಾಧಿಪತ್ಯದ ಪಟ್ಟವನ್ನು ಕಟ್ಟುವಾಗ ಕರ್ಣನು ಪ್ರತಿಭಟಿಸುವನು. ಈ ಮುದುಕನಿಂದ ಯುದ್ಧವು ಸಾಗದೆಂಬುದು ಅವನ ಮಾತು. ಮಾತು ಅತ್ಯಂತ ಕಠೋರವಾದುದು, ಗರ್ವದಿಂದ ಕೂಡಿದುದು, ಇದರಲ್ಲಿ ಸಂಶಯವಿಲ್ಲ. ಆದರೆ ಪಾಂಡವರಲ್ಲಿ ವಾತ್ಸಲ್ಯವುಳ್ಳ ವೃದ್ಧನು ಅವರ ಮೇಲೆ ಸೇನೆಯನ್ನು ನಡೆಯಿಸಬಲ್ಲನೆ ಎಂಬುದು ಆ ಸಭೆಯು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆಯೇ ಸರಿ. ದ್ರೋಣನು ಅದಕ್ಕೆ ಕೊಟ್ಟ ಉತ್ತರವೇನು? ಭೀಷ್ಮನ ಮುಪ್ಪನ್ನು ಸಿಂಹದ ಮುಪ್ಪಿಗೆ ಹೋಲಿಸಿದನು; ಅನಂತರ ಕರ್ಣನ ನಾಲಗೆಯು ಅವನ ಕುಲವನ್ನು ಬಯಲುಮಾಡುತ್ತಿದೆಯೆಂದನು. ಕುಲದ ಮಾತು ಬಂದೊಡನೆ ಯುದ್ಧದ ಮಾತು ಹಿಂದಾಯಿತು. ಕರ್ಣನೂ ಕುಲವೆಂದರೇನೆಂಬುದನ್ನು ಕುರಿತು ನುಡಿಯುವನು. ಆ ಪದ್ಯಗಳು ಕನ್ನಡದಲ್ಲಿ ಅಮರವಾಗಿವೆ. ಕಾವ್ಯಕ್ಕೆ ಅದು ಲಾಭವೇ ಆಯಿತು, ಕೌರವನ ಮಂತ್ರಾಲೋಚನೆಗೆ ಆಗಲಿಲ್ಲ. ಮೃದುವಾಗಿ ಶಾಸ್ತ್ರವನ್ನು ಹೇಳಿದ ವಿಕರ್ಣನಿಗೂ ಕಠೋರವಾಗಿ ನುಡಿದ ಕರ್ಣನಿಗೂ ದೊರೆತ ಉತ್ತರವು ಒಂದೇ ಜಾತಿಯದು. ಆದುದರಿಂದ ರೀತಿಯ ದೋಷವೆಂಬುದು ಹೇತ್ವಾಭಾಸವು. ವಿಕರ್ಣನ ವಯಸ್ಸನ್ನೆತ್ತಿ ಬಾಯಿಮುಚ್ಚಿಸಿದ ಕರ್ಣನ ಬಾಯನ್ನು ಅವನ ಜನ್ಮವನ್ನೆತ್ತಿ ಮುಚ್ಚಿಸಿದರು. ಭಾರತದ ಪರಂಪರೆಯನ್ನು ಒಟ್ಟಾಗಿ ಓದುವವರಿಗೆ ಈ ಎರಡು ಸಭೆಗಳ ಸಾದೃಶ್ಯವು ತೋರದೆ ಇರದು.

ಸತ್ಯವಾದಿಗಳು ಈ ದೋಷದಿಂದ ಮುಕ್ತರೆಂದು ಭಾವಿಸಲಾಗದು. ಲಂಕೆಯ ಸಭೆಯಲ್ಲಿ ಇಂದ್ರಜಿತ್ತು ವಿಭೀಷಣನನ್ನು ಹೇಡಿಯೆಂದನು. ವಿಭೀಷಣನೂ ಪ್ರತಿಯಾಗಿ, ನೀನಿನ್ನೂ ಬಲಿಯದ ಬುದ್ಧಿಯ ಬಾಲಕನು, ನಿನಗೆ ಮಂತ್ರಾಲೋಚನೆಯ ನಿಶ್ಚಯವು ತಿಳಿಯದೆಂದನು. ತಾನು ತೆರಬೇಕಾದ ನಾಣ್ಯದಿಂದಲೇ ಅವನೂ ವ್ಯವಹರಿಸಿದನು. ಕವಿಯು ತನ್ನ ಪ್ರಿಯಪಾತ್ರವನ್ನೂ ಈ ವಿಷಯದಲ್ಲಿ ಬಿಟ್ಟುಕೊಡಲಿಲ್ಲ.

ದಂಡವನ್ನು ಕಟ್ಟಕಡೆಗೆ ತೆರುವವರು ಯಾರೆಂಬ ಪ್ರಶ್ನೆಯು ಉಳಿಯುವುದು. ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಕೃಷ್ಣನಿಗೆ ಆತಿಥ್ಯ ಮಾಡಿದ ವಿದುರನನ್ನು ಕೌರವನು ಹೀನಜನ್ಮದ ಮಾತೆತ್ತಿ ನಿಂದಿಸಲು, ವಿದುರನು ತನ್ನ ಬಿಲ್ಲನ್ನು ಮುರಿದುಹಾಕುವನು. ಭಾಗವತದ ಮೂರನೆಯ ಸ್ಕಂಧದಲ್ಲಿ ವಿದುರನು ಬಿಲ್ಲನ್ನು ಬಾಗಿಲಲ್ಲಿಟ್ಟು ತೀರ್ಥಯಾತ್ರೆಗೆ ಹೋಗುವನು. ನಮ್ಮ ಕವಿಯು ಇಟ್ಟ ಬಿಲ್ಲನ್ನು ಮುರಿದ ಬಿಲ್ಲಾಗಿ ಮಾಡಿದುದರಿಂದ ಅರ್ಥವು ಬೆಳೆಯಿತು. ಇಟ್ಟುದನ್ನು ಮರಳಿ ತೆಗೆದುಕೊಳ್ಳಬಹುದು, ಮುರಿದುದು ಸಭೆಗೆ ಸಂದ ನಷ್ಟವು. ವನಪರ್ವದಲ್ಲಿಯೂ ವಿದುರನನ್ನು ಅಟ್ಟಿದ ಧೃತರಾಷ್ಟ್ರನೇ ಮೂರ್ಛೆಹೋಗಿ, ಅವನನ್ನು ಕರೆತರಲು ಸಂಜಯನನ್ನು ಕಾಮ್ಯಕವನಕ್ಕೆ ಕಳುಹಿಸಿದನು. ಹೀಗೆ ಕೊನೆಯಲ್ಲಿ ಸಭೆಯೇ ದಂಡವನ್ನು ತೆರುವುದೆಂದು ಹೇಳಿ ಲೇಖನವನ್ನು ಮಂಗಳಾಂತವಾಗಿ ಮಾಡಬಹುದಾಗಿತ್ತು. ಆದರೆ ವಿಕರ್ಣನು ಅಡ್ಡಬರುವನು. ಧೃತರಾಷ್ಟ್ರನ ಇನ್ನೊಬ್ಬ ಮಗನಾದ ಯುಯುತ್ಸುವು ಯುದ್ಧಾರಂಭದಲ್ಲಿ ಪಾಂಡವರ ಕಡೆಗೆ ಬಂದು ಬದುಕಿಕೊಂಡನು. ವಿಕರ್ಣನು ಅಣ್ಣನನ್ನು ಬಿಡಲಿಲ್ಲ. ದ್ರೋಣಪರ್ವದಲ್ಲಿ ಭೀಮನು ಅವನನ್ನು ಕೊಂದು, ಪ್ರತಿಜ್ಞೆಯನ್ನು ಉಳಿಸಿಕೊಳ್ಳುವುದಕ್ಕಾಗಿ ಕೊಲ್ಲಬೇಕಾಯಿತೆಂದು ಹಲುಬಿದನು. ಯಾರ ಪತ್ನಿಯ ಮಾನಕ್ಕಾಗಿ ಅವನು ನುಡಿದನೋ ಅವರ ಕೈಯಿಂದಲೇ ಸತ್ತನು. ಈ ದಂಡವನ್ನು ಅವನಿಗೆ ಯಾರೂ ಹಿಂದಕ್ಕೆ ಕೊಡಲಿಲ್ಲ. ಸತ್ಯಕ್ಕೆ ಕೊನೆಗೆ ಜಯವೆಂದು ನಾವು ಹೇಳುವಾಗ, ಜಯವು ಬರುವಷ್ಟರಲ್ಲಿ ಅದನ್ನು ಹೇಳಿದವನು ಇರುವನೋ ಇಲ್ಲವೋ ಎಂಬುದನ್ನು ವಿಚಾರಿಸುವುದಿಲ್ಲ.

ಹೀಗಾದರೆ ಅಪ್ರಿಯಸತ್ಯವನ್ನು ನುಡಿಯುವ ಮಾರ್ಗವೇ ಇಲ್ಲವೆ? ಆಲಂಕಾರಿಕರು ಉಪದೇಶವನ್ನು ಪ್ರಭುಸಮ್ಮಿತ, ಸುಹೃತ್ಸಮ್ಮಿತ, ಕಾಂತಾಸಮ್ಮಿತವೆಂದು ಮೂರಾಗಿ ವಿಂಗಡಿಸಿ ಕಾವ್ಯವನ್ನು ಮೂರನೆಯದರಲ್ಲಿ ಸೇರಿಸಿರುವರು. ಪಂಪನು ಅರಿಕೇಸರಿಯ ಆಸ್ಥಾನದಲ್ಲಿದ್ದು, ತನ್ನೊಡೆಯನನ್ನು ಅರ್ಜುನನೊಡನೆ ಏಕೀಕರಿಸಿ ಕಾವ್ಯವನ್ನು ಬರೆದವನು. ಆದರೂ ಕುಲವನ್ನು ಕುರಿತ ಅತ್ಯಂತ ತೀಕ್ಷ್ಣವಾದ ಮಾತನ್ನು ಅರ್ಜುನನ ಶತ್ರುವಿನ ಬಾಯಲ್ಲಿ ಆಡಿಸಿದನು. ಕಾವ್ಯದಲ್ಲಿ ನುಡಿಯುವವನು ಪಾತ್ರವಾದುದರಿಂದ ಅವನನ್ನು ದಂಡಿಸಲು ಸಭೆಗೆ ಬರುವುದಿಲ್ಲ. ಅರ್ಥಾಂತರಕ್ಕೆ ಅವಕಾಶವಿಲ್ಲದೆ ಮಾತು ತಾನೇ ನಿಲ್ಲುವುದು. ಕಾವ್ಯದಿಂದ ಲೋಕಕ್ಕಾಗುವ ಉಪಕಾರಗಳಲ್ಲಿ ಇದೂ ಒಂದೆಂದು ನಾನು ಎಣಿಸುವೆನು. ಆದರೆ ಎಲ್ಲರೂ ಕವಿಗಳಲ್ಲ. ಎಲ್ಲ ಸತ್ಯಗಳೂ ಕಾವ್ಯಕ್ಕಾಗಿ ಕಾಯಲಾರವು.

ಈ ವಿಷಯವನ್ನು ಕೈಗೆತ್ತಿಕೊಳ್ಳುವುದಕ್ಕೆ ಸ್ವಂತವಾದ ಒಂದು ಕಾರಣವುಂಟು. ಸುಮಾರು 20 ವರ್ಷಗಳ ಹಿಂದೆ ಒಂದು ವಿದ್ವತ್ಸಭೆಯಲ್ಲಿ ಹಿರಿಯ ಪಂಡಿತರೊಬ್ಬರು ಹಳಗನ್ನಡದ ಒಂದು ಕಂದಪದ್ಯಕ್ಕೆ ಹೊಸ ಪಾಠವನ್ನು ಸೂಚಿಸಿ ಅದರ ಮೇಲೆ ದೊಡ್ಡದೊಂದು ಸಿದ್ಧಾಂತವನ್ನು ಕಟ್ಟಿದರು. ಆಗ ತಾನೇ ಓದು ಮುಗಿಸಿದ್ದ ತರುಣನೊಬ್ಬನು ಎದ್ದು, ಆ ಪಾಠವನ್ನು ಒಪ್ಪಿದರೆ ಒಂದು ಗಣದಲ್ಲಿ ಮಾತ್ರೆಯೊಂದು ಹೆಚ್ಚಾಗುವುದೆಂದು ವಿನಯದಿಂದಲೇ ಅರಿಕೆಮಾಡಿದನು. ನೀನು ಯಾರ ಶಿಷ್ಯ, ನಿನಗೆ ವಯಸ್ಸೆಷ್ಟು ಎಂಬ ಎರಡು ಪ್ರಶ್ನೆಗಳು ಉತ್ತರವಾಗಿ ಬಂದುವು. ಸಭೆಯು ನಕ್ಕಿತು. ನಾನು ಉತ್ತರೀಯದ ಮರೆಯಲ್ಲಿ ಬೆರಳಿನಿಂದ ಮಾತ್ರೆಗಳನ್ನೆಣಿಸಿ ನೋಡಿದ್ದೆನು. ಹುಡುಗನ ಲೆಕ್ಕವು ಸರಿಯಾಗಿದ್ದಿತು. ನಾನು ಏಳಲಿಲ್ಲ. ಸಭೆಯು ಮುಗಿದಮೇಲೆ ಮೊಗಸಾಲೆಯಲ್ಲಿ ಅವನನ್ನು ಕರೆದು ನೀನು ಹೇಳಿದುದೇ ಸರಿಯೆಂದೆನು. ಅವನು ಕೈಮುಗಿದು ಏನನ್ನೂ ಹೇಳದೆ ಹೊರಟುಹೋದನು. ಮುಂದೆ ಯಾವ ಸಭೆಯಲ್ಲಿಯೂ ಅವನನ್ನು ಕಾಣಲಿಲ್ಲ. ಛಂದಸ್ಸಿನ ಅಭ್ಯಾಸವನ್ನೇ ಬಿಟ್ಟನೆಂದು ಆಮೇಲೆ ತಿಳಿಯಿತು. ವಿದುರನು ಹೇಳಿದ ಕಾಲುಭಾಗದಲ್ಲಿ ನನ್ನ ಪಾಲೆಷ್ಟೆಂಬುದನ್ನು ಆಗಾಗ ಲೆಕ್ಕಹಾಕುತ್ತಿರುವೆನು.

ಆದುದರಿಂದ ಈ ಪ್ರಕರಣಗಳನ್ನು ವಿದ್ಯಾರ್ಥಿಗಳಿಗೆ ಬೋಧಿಸುವ ಉಪಾಧ್ಯಾಯರಲ್ಲಿ ಒಂದು ವಿಜ್ಞಾಪನೆ. ವಿಕರ್ಣನು ಧೀರನೆಂದು ಹೊಗಳಿ ಮುಂದಿನ ಪಾಠಕ್ಕೆ ಹೋಗಬಾರದು. ಆ ಸಭಾಸದರೂ ಅಷ್ಟನ್ನು ಮಾಡಿದ್ದರು. ಅವನ 4 ಕಾರಣಗಳಲ್ಲಿ ಸಭೆಯು ಯಾವುದಕ್ಕೆ ಉತ್ತರ ಕೊಟ್ಟಿತು, ಯಾವುದಕ್ಕೆ ಕೊಡಲಿಲ್ಲ, ಉತ್ತರವು ಮಾತಿಗೋ ಮಾತನಾಡಿದವನಿಗೋ ಎಂದು ಪ್ರಶ್ನಿಸಬೇಕು. ಸುಭಾಷಿತದಲ್ಲಿ ವಕ್ತೃವಿನೊಡನೆ ಶ್ರೋತೃವೂ ದುರ್ಲಭನೆಂದು ಹೇಳಿರುವುದು ಪಾದಪೂರಣಕ್ಕಲ್ಲ. ವಕ್ತೃವು ಆಗಾಗ ಹುಟ್ಟುತ್ತಲೇ ಇರುವನು. ಅವನ ವಯಸ್ಸನ್ನೂ ಕುಲವನ್ನೂ ಗುರುವನ್ನೂ ವಿಚಾರಿಸದೆ ಮಾತ್ರೆಗಳನ್ನೆಣಿಸಿ, ಎಣಿಸಿದುದನ್ನು ಎದ್ದು ಹೇಳುವ ಶ್ರೋತೃವನ್ನು ಮಾತ್ರ ಪಾಠಶಾಲೆಗಳಲ್ಲಿ ನಾವೇ ತಯಾರುಮಾಡಬೇಕಾಗಿದೆ. ಈ ಲೇಖನದಲ್ಲಿ ದೋಷವಿದ್ದರೆ ತೋರಿಸಿಕೊಡಬೇಕೆಂದು ಪ್ರಾರ್ಥಿಸುವೆನು. ತೋರಿಸುವವರು ಎಷ್ಟೇ ಕಿರಿಯರಾದರೂ ಅವರ ಮಾತಿಗೇ ಉತ್ತರ ಕೊಡುವೆನು.